ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಹತ್ತೊಂಬತ್ತು

ಆ ದಿನ ಬೆಳಿಗ್ಗೆ ನಾವು ಹದಿನೇಳರವರೆಗೆ ಬಂದಿದ್ದೆವು.

ನನ್ನ ಗಂಡ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಲೆ ಹರಿದಲ್ಲಿ ಹೊಲಿಯುತ್ತಿದ್ದರು. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಇಬ್ಬರ ಕೈಗೂ ಕೆಲಸವಿತ್ತು, ಹಾಗಾಗಿ ಲೆಕ್ಕವೆಲ್ಲ ಬಾಯಲ್ಲೇ. ಅವರ ದೋಣಿಯ ಎಂಜಿನ್ನಿನ ತಗಡಿನ ಮೇಲೆ 720719 ಎಂದು ಒತ್ತಿತ್ತು. ಅಷ್ಟು ಬಂಗಡೆ ಒಂದೇ ದಿನ ಬಲೆಗೆ ಬಿತ್ತು ಅಂದುಕೋ, ಇಷ್ಟು ಜನಕ್ಕೆ ಪಾಲು ಹಾಕಿದರೆ ಕೊನೆಗೆ ಎಷ್ಟು ಉಳಿಯುತ್ತದೆ ಹೇಳು ಎನ್ನುವುದು ನಮ್ಮಿಬ್ಬರ ಆಟ. ಎಂಜಿನ್ನು ಮನೆಗೆ ಬಂದ ಮೇಲೆ ಶುರುವಾದದ್ದು. ಅವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು, ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಕೇಳುವ ಕೆಲಸ ಅವರದು, ಭಾಗಿಸುವ ಕೆಲಸ ನನ್ನದು.

ಇಬ್ಬರಿಗೆ ಹಂಚಿದರೆ ಒಂದು ಉಳಿಯುತ್ತಿತ್ತು. ಮೂವರಿಗೆ ಎರಡು. ನಾಲ್ವರಿಗೆ ಮೂರು. ಐದಕ್ಕೆ ನಾಲ್ಕು, ಆರಕ್ಕೆ ಐದು. ಹೀಗೇ ಮೇಲೇರಿ ಹದಿನಾರು ಜನಕ್ಕೆ ಹಂಚಿದಾಗಲೂ ಹದಿನೈದು ಉಳಿದವು. ಪ್ರತಿಸಲವೂ ಇನ್ನೊಂದೇ ಒಂದು ಮೀನಿದ್ದಿದ್ದರೆ ಸುತ್ತು ಪೂರ್ತಿಯಾಗುತ್ತಿತ್ತು. ಇದು ಅವರಿಗೆ ಬಹಳ ಖುಷಿ ಕೊಟ್ಟಿತ್ತು. ಬಲೆ ಎಳೆದು ದಡಕ್ಕೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

“ಹದ್ನೇಳು ಮಂದಿಗೆ?” ಅಂದರು ಆ ದಿನ.

ನಾನು ತುರಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದೆ. “ನಾಕು ಉಳೀತದೆ.”

“ನಾಕಾ? ಹದ್ನಾರಲ್ದಾ?”

“ನಾಕೇಯ. ಬೇಕಾರೆ ನೀವೇ ಹಂಚ್ಕಳಿ.”

“ಥೋ! ನನ್ ಎಂಜಿನ್ನಿನ ಮರ್ಯಾದಿ ತೆಗೆದ್ಯಲ್ಲೇ,” ಎಂದು ನಕ್ಕರು. “ಹದ್ನೆಂಟು ನಾಳೆ. ಈಗ ಗಂಜಿ ಬಡಿಸು.”

ಗಂಜಿ ಉಂಡರು. ಸುಟ್ಟ ತಾರ್ಲೆ ಮೀನು ಇನ್ನೊಂದು ಬೇಕೆಂದರು, ಇರಲಿಲ್ಲ. ಮಧ್ಯಾಹ್ನ ದೋಣಿ ಇಳಿಸಿದರು. ಗಾಳಿಯಿರಲಿಲ್ಲ, ನೀರು ತಟ್ಟೆಯ ಹಾಗಿತ್ತು. ಬಂದರಿನಲ್ಲಿ ಯಾರೂ ಕೆಂಪು ಬಾವುಟ ಹಾಕಿರಲಿಲ್ಲ. ಜೊತೆಗೆ ಹೋದವರು ಇಬ್ಬರು. ಸಂಜೆ ಬೇರೆ ದೋಣಿಯವರು ಆ ಇಬ್ಬರನ್ನು ಕರೆತಂದರು. ಮಗುಚಿದ ದೋಣಿಯನ್ನು ಎಳೆದು ತಂದರು, ಎಂಜಿನ್ನೂ ಅದರಲ್ಲೇ ಇತ್ತು. ನನ್ನ ಗಂಡನನ್ನು ಕಡಲು ಆಮೇಲೆ ಕೊಟ್ಟಿತು.

ಈ ನಂಬರಿನ ಕತೆಯಲ್ಲಿ ಇನ್ನೊಬ್ಬನಿದ್ದಾನೆ. ಇದನ್ನೆಲ್ಲ ಬರೆಯುತ್ತಿರುವುದು ಅವನ ಸಲುವಾಗಿ.

ಬಾಳೆಗುಳಿ ಕ್ರಾಸಿನಲ್ಲಿ ಅವನದೊಂದು ಅಂಗಡಿ. ವಾಹನಗಳ ನಂಬರ್ ಪ್ಲೇಟ್ ಬರೆಯುತ್ತಾನೆ, ರೇಡಿಯಂ ಸ್ಟಿಕ್ಕರ್ ಅಂಟಿಸುತ್ತಾನೆ. ಕದ್ವಾಡದ ಕಡೆಯವನು. ಅದು ಹೆದ್ದಾರಿಯ ತುಂಬ ಅದಿರಿನ ಲಾರಿ ಓಡುತ್ತಿದ್ದ ಕಾಲ. ದಿನಕ್ಕೊಬ್ಬ ಹೊಸ ಲಾರಿ ಕೊಂಡವನು ಆ ಕ್ರಾಸಿನಲ್ಲಿ ಬಂದು ನಿಲ್ಲುತ್ತಿದ್ದ. ಪ್ಲೇಟು ಬರೆಯುತ್ತ ಬರೆಯುತ್ತ ಇವನು ನಂಬರು ಓದುವುದನ್ನೂ ಕಲಿತ. ಅಂಕಿಗಳನ್ನೆಲ್ಲ ಕೂಡಿಸುವುದು, ಬಂದದ್ದನ್ನು ಮತ್ತೆ ಕೂಡಿಸುವುದು, ಕೊನೆಗೆ ಒಂದೇ ಅಂಕಿ ಉಳಿದಾಗ ಅದಕ್ಕೊಂದು ಗ್ರಹದ ಹೆಸರು ಹೇಳುವುದು. ಅಂಕಿ ಕೆಟ್ಟದಾದರೆ ಪರಿಹಾರವೂ ಅವನ ಬಳಿಯೇ ಇತ್ತು. ಪ್ಲೇಟಿನ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಒಂದು ಪುಟ್ಟ ಅಂಕಿ ಸೇರಿಸಿ ಮೊತ್ತ ಸರಿಮಾಡುತ್ತಿದ್ದ.

ಕಾರವಾರದಿಂದ ಎಂಜಿನ್ನು ತಂದ ಹೊಸತರಲ್ಲಿ ದೋಣಿಯ ಮೇಲೆ ಹೆಸರು ಬರೆಯಲು ನನ್ನ ಗಂಡ ಅವನನ್ನೇ ಕರೆಸಿದ್ದರು. ಬರೆದು ಮುಗಿಸಿ, ಕುಂಚದ ಹಿಡಿಕೆಯಿಂದ ಎಂಜಿನ್ನಿನ ತಗಡು ತೋರಿಸಿ ಅವನೇ ಕೂಡಿಸಿದ. ಏಳು, ಎರಡು, ಸೊನ್ನೆ, ಏಳು, ಒಂದು, ಒಂಬತ್ತು. ಇಪ್ಪತ್ತಾರು. ಎರಡು ಮತ್ತು ಆರು ಎಂಟು.

“ಎಂಟು ಅಂದ್ರೆ ಶನಿ,” ಅಂದ. “ನೀರಿನ ಕೆಲಸಕ್ಕೆ ಆಗೂದಿಲ್ಲ. ಮುಚ್ಚಳದ ಮೇಲೆ ಕೆಂಪಲ್ಲಿ ಒಂದು ಅಂತ ಬರೀತೆ. ಒಂಬತ್ತು ಆತದೆ. ಮಂಗಳ.”

ನನ್ನ ಗಂಡ ಬೀಡಿ ಹಚ್ಚುತ್ತಿದ್ದರು. “ಕಂಪನಿಯೋರು ಒತ್ತಿದ ನಂಬರಿಗೆ ನಾನು ಬಾಲ ಹಚ್ಚೂದಾ? ಮೀನು ಬಂದು ಕೂಡ್ಸಿ ನೋಡ್ತದ್ಯಾ ಅಣ್ಣಾ, ಈ ಎಂಜಿನ್ನು ಶನೀದಾ ಮಂಗಳದ್ದಾ ಅಂತ?”

ಸುತ್ತ ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುವಾಗ ಅವನ ಮುಖ ನಾನು ನೋಡಿದ್ದೆ.

ಬೊಜ್ಜದ ದಿನ, ನನ್ನ ಗಂಡನ ತಿಥಿಗೆ, ಅವನು ಊಟಕ್ಕೆ ಬಂದ. ಅಂಗಳದಲ್ಲಿ ಜನ ತುಂಬಿತ್ತು. ಎಲೆಯ ಮುಂದೆ ಕೂತು, ಅನ್ನ ಕಲಸುತ್ತ, ಯಾರನ್ನೂ ನೋಡದೆ ಎಲ್ಲರಿಗೂ ಕೇಳುವಂತೆ ಹೇಳಿದ: “ನಾ ಹೇಳಿದ್ದೆ. ಎಂಟು ಬೇಡ ಅಂದಿದ್ದೆ. ಒಂದು ಅಂಕಿ ಬರಸ್ಕಳೂಕೆ ಎಂತಾ ಆಗಿತ್ತು? ನಗಾಡ್ದ. ಕಡಲು ನಗಾಡೂದಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ನನ್ನ ಅತ್ತೆ, ನಾವೆಲ್ಲ ಆಯಿ ಎಂದು ಕರೆಯುವವರು, ತಲೆ ಎತ್ತಿದರು. ಅಲ್ಲಿಯವರೆಗೆ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು, ಎಂತಕೆ, ಎಂತಕೆ ಎಂದು. ಬಂದವರನ್ನೆಲ್ಲ ಕೇಳುತ್ತಿದ್ದರು, ಗೋಡೆಯನ್ನೂ ಕೇಳುತ್ತಿದ್ದರು. ಆ ಮಾತು ಕೇಳಿದ ಮೇಲೆ ಪ್ರಶ್ನೆ ನಿಂತಿತು. ಅಂದಿನಿಂದ ಯಾರು ಮಾತಾಡಿಸಲು ಬಂದರೂ ಆಯಿ ಹೇಳುವುದು ಒಂದೇ: “ಹಟ ಮಾಡ್ದ. ನಂಬರು ಬದಲ್ಸು ಅಂದ್ರೆ ಕೇಳ್ಲಿಲ್ಲ.” ನನಗೆ ಹೇಳಿದ್ದು ಇನ್ನೂ ಒಂದು: “ಆ ನಂಬರು ಹಿಡ್ಕಂಡು ಆಟ ಆಡಿದ್ದು ನೀನೇ ಅಲ್ವೇ? ಶನಿಗೆ ಹೆಸರು ಹಿಡ್ದು ಕರೆದಂಗೆ ಆತು.”

ಊರೂ ಅದನ್ನೇ ಹಿಡಿಯಿತು. ಜಂಬದಿಂದ ಸತ್ತವನು ಎಂದಾಯಿತು ನನ್ನ ಗಂಡನ ಹೆಸರು. ದುರಸ್ತಿಯಾದ ದೋಣಿಯ ಮೇಲೆ ಬರಲು ಯಾರೂ ಒಪ್ಪಲಿಲ್ಲ. ಎಂಜಿನ್ನಿಗೆ ಗೋಣಿ ಹೊದಿಸಿ ಕೊಟ್ಟಿಗೆಯಲ್ಲಿಟ್ಟೆವು. ನಾನು ಬುಟ್ಟಿ ಹೊತ್ತು ಅಂಕೋಲೆ ಪೇಟೆಯಲ್ಲಿ ಮೀನು ಮಾರತೊಡಗಿದೆ.

ಸತ್ತವರಿಗೆ ತಿರುಗಿ ಮಾತಾಡಲು ಬರುವುದಿಲ್ಲ. ಅದನ್ನು ಚೆನ್ನಾಗಿ ತಿಳಿದುಕೊಂಡೇ ಅವನು ಅನ್ನದ ಎಲೆಯ ಮುಂದೆ ಆ ಮಾತಾಡಿದ. ಅವನು ಅದನ್ನು ನುಂಗಬೇಕು ಎಂದು ನಾನು ಬಯಸಿದೆ. ಅದೇ ಅಂಗಳದಲ್ಲಿ, ಅದೇ ಜನರ ಮುಂದೆ. ರಾತ್ರಿ ದೇವರಿಗೆ ದೀಪ ಹಚ್ಚುವಾಗ ನಾನು ಬೇಡುತ್ತಿದ್ದದ್ದು ಇದೊಂದನ್ನೇ. ಶಾಂತಿಯನ್ನು ಬೇಡಿದ ನೆನಪಿಲ್ಲ.

ಲೆಕ್ಕ ಮಾತ್ರ ಬಿಡಲಿಲ್ಲ. ಹದಿನೆಂಟನ್ನು ನಾನೊಬ್ಬಳೇ ಮಾಡಿದೆ. ಹದಿನೇಳು ಉಳಿಯಿತು. ಮತ್ತೆ ಒಂದು ಕಡಿಮೆ. ಅವರ ಎಂಜಿನ್ನಿನ ಮರ್ಯಾದೆ ಹೋಗಿರಲಿಲ್ಲ, ಒಂದು ಮೆಟ್ಟಿಲು ತಪ್ಪಿತ್ತು ಅಷ್ಟೆ. ಹೇಳಲು ಅವರಿರಲಿಲ್ಲ. ಒಲೆಯ ಮುಂದೆ ಕೂತವಳು ಅನ್ನ ಸೀದುಹೋಗುವವರೆಗೆ ಏಳಲಿಲ್ಲ.

ಹತ್ತೊಂಬತ್ತಕ್ಕೆ ಹನ್ನೊಂದು ಉಳಿಯಿತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಈ ಮೂರಕ್ಕೂ ಮತ್ತೆ ಒಂದೊಂದೇ ಕಡಿಮೆ. ಆಗ ನನಗೆ ಹೊಳೆಯಿತು. ಇದು ಪವಾಡವಲ್ಲ. ಈ ನಂಬರಿಗೆ ಒಂದು ಸೇರಿಸಿದರೆ 720720. ಅದು ಎರಡರಿಂದ ಹದಿನಾರರವರೆಗೆ ಎಲ್ಲದಕ್ಕೂ ಸರಿಯಾಗಿ ಹಂಚಿಹೋಗುವ ಸಂಖ್ಯೆ. ಹಾಗೆ ಹೋಗುವ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದೂ ಅದೇ. ನಮ್ಮದು ಅದರ ಹಿಂದಿನ ಮನೆಯಲ್ಲಿ ನಿಂತಿತ್ತು. ಅದಕ್ಕೇ ಎಲ್ಲರ ಹತ್ತಿರವೂ ಒಂದು ಕಡಿಮೆ.

ಅವನ ಎಂಟಿನ ಗುಟ್ಟೂ ಆಗಲೇ ಬಿಚ್ಚಿಕೊಂಡಿತು. ಅಂಕಿ ಕೂಡಿಸಿ ನೋಡಿದರೆ ಒಂಬತ್ತರಿಂದ ಭಾಗವಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಯಾಕೆಂದು ಆಗ ಕೇಳಿರಲಿಲ್ಲ. ಈಗ ಬಂಗಡೆಯಲ್ಲೇ ಯೋಚಿಸಿದೆ. ಒಂಬತ್ತು ಜನ ಕೂತಿದ್ದಾರೆ. ಹತ್ತು ಮೀನು ಹಂಚಿದರೆ ಒಂದು ಉಳಿಯುತ್ತದೆ. ನೂರು ಹಂಚಿದರೆ ತೊಂಬತ್ತೊಂಬತ್ತು ಹೋಗಿ ಒಂದು ಉಳಿಯುತ್ತದೆ. ಸಾವಿರಕ್ಕೂ ಒಂದು, ಲಕ್ಷಕ್ಕೂ ಒಂದು. ಏಳು ಲಕ್ಷದಿಂದ ಏಳು, ಎರಡು ಹತ್ತುಸಾವಿರದಿಂದ ಎರಡು, ಏಳು ನೂರರಿಂದ ಏಳು, ಒಂದು ಹತ್ತರಿಂದ ಒಂದು, ಬಿಡಿ ಒಂಬತ್ತು. ಹೀಗೆ ಉಳಿದ ಇಪ್ಪತ್ತಾರನ್ನು ಮತ್ತೆ ಒಂಬತ್ತು ಜನಕ್ಕೆ ಹಂಚಿದರೆ ಕೊನೆಗೆ ಎಂಟು. ಅವನು ಶನಿ ಎಂದದ್ದು ಇದನ್ನು. ಒಂಬತ್ತನೆಯವನ ಪಾಲಿಗೆ ಒಂದು ಮೀನು ಕಡಿಮೆ ಬಿತ್ತು ಎನ್ನುವುದನ್ನು ಹೆಣದ ಮೇಲೆ ಹೊರಿಸಿ ಹೋಗಿದ್ದ.

ಪರಿಹಾರಧನದ ಕೆಲಸಕ್ಕೆ ಕಾರವಾರದ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತರು ಎಂಜಿನ್ ನಂಬರು ಕೇಳಿದರು. ನೋಡದೆ ಹೇಳಿದೆ. ಅವರು ನನ್ನ ಮುಖ ನೋಡಿ, ಮತ್ತೊಮ್ಮೆ ಹೇಳಿಸಿ, ಬರೆದುಕೊಂಡರು. ಬರುವಾಗ ಅವರ್ಸಾದ ಹತ್ತಿರ ಅದಿರು ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಿತು. ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಮೂವತ್ತೊಂದರ ಭಾಗ ಹಾಕಿದೆ. ಸರಿಯಾಗಿ ಹೋಯಿತು. ಇಪ್ಪತ್ಮೂರು ಸಾವಿರದ ಇನ್ನೂರ ನಲವತ್ತೊಂಬತ್ತು, ಉಳಿಕೆ ಇಲ್ಲ. ಮನೆಗೆ ಬಂದು ಅದನ್ನೂ ಹಿಡಿದೆ. ಅರವತ್ತೇಳರಿಂದ ಹೋಯಿತು, ಮುನ್ನೂರ ನಲವತ್ತೇಳು ಬಂತು, ಅದು ಯಾವುದಕ್ಕೂ ಬಗ್ಗಲಿಲ್ಲ. ಮೂವತ್ತೊಂದು, ಅರವತ್ತೇಳು, ಮುನ್ನೂರ ನಲವತ್ತೇಳು. ಇವು ಮೂರನ್ನು ಗುಣಿಸಿದರೆ ನನ್ನ ಗಂಡನ ನಂಬರು. ಅದರೊಳಗೆ ಬೇರೇನೂ ಇಲ್ಲ. ಶನಿಗೆ ಕೂರಲು ಜಾಗವೇ ಇಲ್ಲ.

ಇದನ್ನೆಲ್ಲ ಆಯಿಗೆ ಹೇಳಿದೆ. ನೆಲದ ಮೇಲೆ ಹುಣಸೆ ಬೀಜ ಹರಡಿ ಒಂಬತ್ತು ಗುಪ್ಪೆ ಮಾಡಿ ತೋರಿಸಿದೆ. ಆಯಿ ಬೀಜ ನೋಡಿದರು, ನನ್ನನ್ನು ನೋಡಿದರು.

“ಲೆಕ್ಕ ಬೇರೆ, ದೋಷ ಬೇರೆ,” ಅಂದರು. “ಬೀಜ ಎತ್ತಿ ಡಬ್ಬೀಗೆ ಹಾಕು.”

ಸರಿ, ಲೆಕ್ಕದಿಂದ ಆಗುವ ಕೆಲಸ ಇದಲ್ಲ ಎಂದು ಆಗ ಅರ್ಥವಾಯಿತು. ಹೆದರಿಕೆಯನ್ನು ಹೆದರಿಕೆಯಿಂದಲೇ ತೆಗೆಯಬೇಕು. ಅದಕ್ಕೆ ಏನು ಬೇಕೋ ಅದನ್ನು ಅವನೇ ತಂದು ನನ್ನ ಬುಟ್ಟಿಯ ಮುಂದೆ ನಿಲ್ಲಿಸಿದ.

ಒಂದು ಬೆಳಿಗ್ಗೆ ಮೀನುಪೇಟೆಯ ಎದುರು ಹೊಸ ಬಿಳಿ ಕಾರು ಬಂದು ನಿಂತಿತು. ಇಳಿದವನು ಅವನು. ಪ್ಲೇಟಿನ ಮೇಲೆ ಬಂಗಾರದ ಬಣ್ಣದ ಅಂಚು ಕೊಟ್ಟು ದೊಡ್ಡದಾಗಿ ಬರೆದುಕೊಂಡಿದ್ದ: 9009. ಕಾರವಾರದ ಆರ್‌ಟಿಒದಲ್ಲಿ ಹೆಚ್ಚಿಗೆ ಹಣ ಕಟ್ಟಿ ತಂದ ನಂಬರು, ಎರಡೂ ಕಡೆಯಿಂದ ಮಂಗಳ, ಇಂಥದ್ದು ಜಿಲ್ಲೆಯಲ್ಲಿಲ್ಲ ಎಂದು ಇಸ್ವಾಣ ಮೀನು ಆರಿಸುತ್ತ ಯಾರಿಗೋ ಹೇಳುತ್ತಿದ್ದ. ನನ್ನನ್ನು ನೋಡಿದ. ನೋಡದವನ ಹಾಗೆ ಆಚೆ ಹೋದ.

ನಾನು ಬಂಗಡೆಯ ಮೇಲೆ ನೀರು ಚಿಮುಕಿಸುತ್ತ ಏಳರಿಂದ ಭಾಗ ಹಾಕಿದೆ. ಸಾವಿರದ ಇನ್ನೂರ ಎಂಬತ್ತೇಳು, ಉಳಿಕೆ ಇಲ್ಲ. ಹನ್ನೊಂದರಿಂದ ಎಂಟುನೂರ ಹತ್ತೊಂಬತ್ತು, ಉಳಿಕೆ ಇಲ್ಲ. ಹದಿಮೂರರಿಂದ ಆರುನೂರ ತೊಂಬತ್ಮೂರು, ಉಳಿಕೆ ಇಲ್ಲ. ಮೂರು, ಒಂಬತ್ತು ಹೇಗೂ ಇದ್ದವು. ನನ್ನ ಎದೆ ಬಡಿದುಕೊಳ್ಳತೊಡಗಿತು. ಮೊದಲ ಸಲ ಗಾಳ ಹಾಕಿದವರಿಗೆ ದಾರ ಎಳೆದಾಗ ಹಾಗೆ ಆಗುತ್ತದೆ.

ಯಾಕೆಂದು ಹೇಳಬೇಕಾದರೆ ನಮ್ಮ ಪಾಲಿನ ಪದ್ಧತಿ ಹೇಳಬೇಕು. ದಡದ ಮೇಲೆ ಮೀನು ಪಾಲು ಹಾಕುವಾಗ ಗುಪ್ಪೆಗೊಂದರಂತೆ ಸುತ್ತು ಹಾಕುತ್ತ ಹೋಗುತ್ತಾರೆ. ಕೊನೆಯಲ್ಲಿ ಇನ್ನೊಂದು ಸುತ್ತಿಗೆ ಸಾಲದೆ ಉಳಿಯುವ ಮೀನು ಯಾರದೂ ಅಲ್ಲ. ಅದು ಉಳಿಕೆ. ಅಲ್ಲೇ ಕಲ್ಲು ಹೂಡಿ ಬೇಯಿಸಿ ಎಲ್ಲರೂ ತಿನ್ನುತ್ತಾರೆ. ಉಳಿಕೆ ಹೆಚ್ಚಿದಷ್ಟೂ ದೋಣಿಗೆ ಒಳ್ಳೆಯದು. ಒಂದೂ ಉಳಿಯದೆ ಸಮ ಹಂಚಿಹೋದರೆ ಹಿರಿಯರ ಮುಖ ಸಣ್ಣದಾಗುತ್ತದೆ. ಆಗ ಯಾರದಾದರೂ ಗುಪ್ಪೆಯಿಂದ ಒಂದು ಮೀನು ತೆಗೆದು ಕಡಲಿಗೆ ಎಸೆದು, ಆ ಸಮವನ್ನು ಕೆಡಿಸಿಯೇ ಮನೆಗೆ ಹೋಗುವುದು. ಈ ಕಡಲ ಬದಿಯ ದೋಣಿಗಳಲ್ಲಿ ಏಳು, ಒಂಬತ್ತು, ಹನ್ನೊಂದು ಪಾಲೇ ಹೆಚ್ಚು.

ನನ್ನ ಪಕ್ಕದಲ್ಲಿ ಶೆಟಗೇರಿಯಿಂದ ಬಸಳೆ, ಹರಿವೆ ತಂದು ಮಾರುವ ಹೆಂಗಸು ಕೂರುತ್ತಿದ್ದಳು. ನನಗಿಂತ ದೊಡ್ಡವಳು. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಬಸ್ಸಿಗೆ ಅರ್ಧ ತಾಲೂಕು ತಲುಪುತ್ತಿತ್ತು.

“ಅಕ್ಕಾ, ಆ ಕಾರಿನ ನಂಬರು ಕಂಡ್ಯಾ?” ಅಂದೆ.

“ಕಾಣದೇ ಎಂತಾ? ಮದಿಮಗನ ಬಾಸಿಂಗದಂಗೆ ಕಟ್ಕಂಡಾನೆ.”

“ಏಳು ಪಾಲು ಹಾಕಿದ್ರೆ ಒಂದೂ ಉಳೂದಿಲ್ಲ. ಒಂಬತ್ತು ಹಾಕಿದ್ರೂ ಇಲ್ಲ. ಹನ್ನೊಂದು ಹಾಕಿದ್ರೂ ಇಲ್ಲ, ಹದ್ಮೂರು ಹಾಕಿದ್ರೂ ಇಲ್ಲ.”

“ಉಳೀದಿದ್ರೆ ಎಂತಾ ಆತದೆ?”

“ನಂಗೆಂತಾ ಗೊತ್ತು? ನಮ್ ದೋಣೀಲಿ ಒಂದು ಮೀನು ತೆಗ್ದು ಕಡಲಿಗೆ ಬಿಸಾಡ್ತ್ರು.”

ಅವಳು ಹರಿವೆ ಕಟ್ಟುವುದನ್ನು ನಿಲ್ಲಿಸಿದಳು. ಕಾರಿನ ಕಡೆ ನೋಡಿದಳು. “ಅಯ್ಯಯ್ಯ! ಹಂಗಾರೆ ಅವನ ಮನೇಲಿ ಯಾರ್ನ ಬಿಸಾಡೂದೇ ತಂಗೀ?”

ಅಷ್ಟೇ. ನಾನು ಹೇಳಿದ್ದು ಅಷ್ಟೇ. ಒಂದು ಸುಳ್ಳು ಅಂಕಿಯನ್ನೂ ನಾನು ಬಾಯಿಂದ ಆಡಲಿಲ್ಲ.

ವಾರ ಕಳೆಯುವುದರೊಳಗೆ ಮಾತು ನನ್ನ ಹತ್ತಿರವೇ ತಿರುಗಿ ಬಂತು, ಮೈ ತುಂಬಿಕೊಂಡು. ಒಬ್ಬ ಟೆಂಪೋದವನು ಮೀನು ಕೊಳ್ಳುವ ನೆಪದಲ್ಲಿ ಬಂದು, ತನ್ನ ನಂಬರು ಏಳರಲ್ಲಿ ಹೋಗುತ್ತದೋ ನೋಡಿ ಹೇಳು ಎಂದ. ನೋಡಿ ಹೇಳಿದೆ, ಹೋಗುತ್ತದೆ. ಮುಂದೇನು ಎಂದು ಅವನು ಕೇಳಿದ. ಮುಂದಿನದು ನನಗೆ ಗೊತ್ತಿಲ್ಲ, ನಾನು ಮೀನು ಮಾರುವವಳು ಎಂದೆ. ಮರುದಿನ ಇಬ್ಬರು ಲಾರಿಯವರು ಬಂದರು. ಉಳಿಕೆ ಇಲ್ಲದ ನಂಬರಿಗೆ ಮನೆಯ ಜೀವವೊಂದು ಹೋಗುತ್ತದಂತೆ ಎಂದು ಅವರೇ ನನಗೆ ತಿಳಿಸಿದರು. ಹೌದಾ ಎಂದೆ. ಆಮೇಲೆ ಜನ ಮೊಬೈಲಿನಲ್ಲೇ ಭಾಗ ಹಾಕಲು ಕಲಿತರು. ಬಾಳೆಗುಳಿಯ ಚಾದಂಗಡಿಯಲ್ಲಿ ಕೂತು ಬಿಳಿ ಕಾರು ಹೋಗುವಾಗ ಬೇಕೆಂದೇ ಗಟ್ಟಿಯಾಗಿ ಎಣಿಸುತ್ತಿದ್ದರಂತೆ. ಅವನ ಕಾರಿಗೆ ಅಡ್ಡ ಬಂದ ಕರುವೊಂದು ಸತ್ತಿತು. ಕರುಗಳು ಆ ರಸ್ತೆಯಲ್ಲಿ ಮೊದಲಿಂದ ಸಾಯುತ್ತಿದ್ದವು, ಆದರೆ ಇದು ಲೆಕ್ಕಕ್ಕೆ ಬಂತು.

ಇದೆಲ್ಲ ಕೇಳುತ್ತ ನಾನು ಮನೆಗೆ ನಡೆದುಹೋಗುವಾಗ ಬುಟ್ಟಿ ಹಗುರಾಗಿರುತ್ತಿತ್ತು. ನನ್ನ ಗಂಡ ಇದ್ದಿದ್ದರೆ ಬೇಡ ಎನ್ನುತ್ತಿದ್ದರೋ ಏನೋ. ಅವರು ಯಾರ ಮೇಲೂ ಹಗೆ ಸಾಧಿಸಿದವರಲ್ಲ. ಆ ಕೆಲಸವನ್ನು ನನಗೆ ಬಿಟ್ಟು ಹೋಗಿದ್ದರು.

ಒಂದು ದಿನ ಪೇಟೆ ಖಾಲಿಯಾಗುವ ಹೊತ್ತಿಗೆ ಅವನು ಬಂದ. ಕಾರು ತಂದಿರಲಿಲ್ಲ. ನನ್ನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಎಂತಕೆ ಹಿಂಗೆ ಮಾಡ್ದೆ ತಂಗೀ?”

“ನಾ ಎಂತಾ ಮಾಡ್ದೆ ಅಣ್ಣಾ?”

“ಪ್ಲೇಟು ಬರಸೂಕೆ ಬಂದೋರು ಕೂಡ್ಸೂದು ಬೇಡ, ಭಾಗ ಹಾಕು ಅಂತ್ರು. ನಂಗೆ ಅದೆಲ್ಲ ಬರೂದಿಲ್ಲ. ಹೆಂಡ್ತಿ ಆ ಕಾರಲ್ಲಿ ಕೂರೂದಿಲ್ಲ, ಮಕ್ಕಳ್ನೂ ಕೂರ್ಸೂಕೆ ಬಿಡೂದಿಲ್ಲ. ನಿನ್ನೆ ಮಗಳಿಗೆ ಜರ ಬಂತು. ಮನೇಲಿ ಎಲ್ಲಾ ನನ್ನೇ ನೋಡ್ತ್ರು.” ಬುಟ್ಟಿಯ ಅಂಚು ಹಿಡಿದುಕೊಂಡ. “ಸುಳ್ಳು ಅಂತ ನೀನೇ ಒಂದು ಮಾತು ಹೇಳು.”

“ಸುಳ್ಳು ಹೆಂಗಾತದೆ? ಭಾಗ ಹಾಕಿ ನೋಡಿ.”

“ಲೆಕ್ಕ ಸುಳ್ಳಲ್ಲ ತಂಗೀ. ಹೆದರ್ಸೂದು ಸುಳ್ಳು.”

“ಬೊಜ್ಜದ ದಿನ ನಮ್ಮನೆ ಅಂಗಳದಲ್ಲಿ ಕೂತು ನೀವು ಹೇಳಿದ್ದು?”

ನಾನು ಅವಸರ ಮಾಡಲಿಲ್ಲ. ಉಳಿದ ನಾಲ್ಕು ಬಂಗಡೆಗಳನ್ನು ಎಲೆಯಲ್ಲಿ ಸುತ್ತಿದೆ, ಹಲಗೆ ತೊಳೆದೆ. ಅವನ ಉಗುರುಗಳ ಸಂದಿಯಲ್ಲಿ ಬಂಗಾರದ ಬಣ್ಣ ಇನ್ನೂ ಇತ್ತು. ಹೆದರಿದ ಮನುಷ್ಯನನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಹೊಟ್ಟೆ ತುಂಬ ಉಂಡ ಹಾಗಾಯಿತು.

“ಅದೇ ಅಂಗಳಕ್ಕೆ ಬನ್ನಿ,” ಅಂದೆ. “ಆಯಿ ಮುಂದೆ, ಜನರ ಮುಂದೆ, ಆ ನಂಬರಲ್ಲಿ ದೋಷ ಇರ್ಲಿಲ್ಲ ಅಂತ ಹೇಳಿ. ಎಂತಕೆ ಇರ್ಲಿಲ್ಲ ಅನ್ನೂದ್ನೂ ಹೇಳ್ಬೇಕು, ನಾ ಹೇಳ್ಕೊಡ್ತೆ. ಆಮೇಲೆ ಯಾರು ಕೇಳಿದ್ರೂ ನಿಮ್ ಕಾರಿಗೆ ಎಂತದೂ ಆಗೂದಿಲ್ಲ ಅಂತ ನಾನೂ ಹೇಳ್ತೆ.”

ಅಲ್ಲೇ ಕೂತು ಕಲಿತ. ಶಾಲೆಯ ಹುಡುಗನ ಹಾಗೆ ಎರಡು ಸಲ ಒಪ್ಪಿಸಿದ.

ಆದಿತ್ಯವಾರ ಸಂಜೆ ಬಂದ. ಅಕ್ಕಪಕ್ಕದವರನ್ನೆಲ್ಲ ನಾನೇ ಕರೆದಿದ್ದೆ, ಚಾ ಮಾಡಿದ್ದೆ. ಕೊಟ್ಟಿಗೆಯಿಂದ ಎಂಜಿನ್ನು ಹೊರಿಸಿ ತಂದು, ಗೋಣಿ ತೆಗೆದು, ಅಂಗಳದ ನಡುವೆ ಇಟ್ಟಿದ್ದೆ. ಅವನು ಅದರ ಪಕ್ಕದಲ್ಲಿ ನಿಂತ. ಆಯಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು.

“ನಾ ಅವತ್ತು ಸಮಾ ನೋಡ್ಲಿಲ್ಲ,” ಎಂದು ಶುರುಮಾಡಿದ. “ಕೂಡ್ಸಿ ನೋಡ್ದೆ, ಹಂಚಿ ನೋಡ್ಲಿಲ್ಲ. ಈ ನಂಬರ್ನ ಇಬ್ಬರಿಗೆ ಹಂಚಿ, ಹದ್ನಾರು ಮಂದಿಗೆ ಹಂಚಿ, ನಡೂಗೆ ಎಷ್ಟು ಮಂದಿಗೆ ಬೇಕಾರೂ ಹಂಚಿ, ಪೂರ್ತಿ ಉಳಿಕೆ ಬತ್ತದೆ. ಇದ್ಕಿಂತ ಜಾಸ್ತಿ ಉಳ್ದ್ರೆ ಅದು ಇನ್ನೊಂದು ಸುತ್ತೇ ಆತದೆ. ಅಂದ್ರೆ ಯಾವ ನಂಬರಿಗೂ ಇದ್ಕಿಂತ ಜಾಸ್ತಿ ಉಳಿಕೆ ಬರೂಕೆ ಸಾಧ್ಯ ಇಲ್ಲ. ಮೂವತ್ತರ ತನ್ಕ ಎಷ್ಟು ಮಂದಿಗೆ ಹಂಚಿದ್ರೂ ಖಾಲಿ ಅಂತ ಆಗೂದೇ ಇಲ್ಲ.” ತಗಡಿನ ಮೇಲೆ ಕೈಯಿಟ್ಟ. “ದೋಣಿಗೆ ಇಷ್ಟು ಒಳ್ಳೆ ನಂಬರು ನಾ ಕಂಡಿಲ್ಲ. ನಂದೇ ತಪ್ಪು. ಅವಂದು ಎಂತದೂ ತಪ್ಪಿಲ್ಲ.”

ನಾನು ಎಲ್ಲರ ಮುಖ ನೋಡಿದೆ. ಮುದುಕರು ತಲೆದೂಗುತ್ತಿದ್ದರು. ಒಬ್ಬರು ಎದ್ದು ಬಂದು ಬಗ್ಗಿ ತಗಡಿನ ಮೇಲಿನ ಅಂಕಿಗಳ ಮೇಲೆ ಬೆರಳಾಡಿಸಿದರು. ಬೇಕೆಂದು ಬೇಡಿಕೊಂಡದ್ದೆಲ್ಲ ನನಗೆ ಸಿಕ್ಕಿತ್ತು. ಅವನು ತನ್ನ ಮಾತನ್ನು ಆಡಿದ ಜಾಗದಲ್ಲೇ ನುಂಗಿದ್ದ, ನೆತ್ತಿಯ ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಲಿ ಎಂದು ನಾನು ಚಾ ಕೊಡಲು ಏಳಲಿಲ್ಲ.

“ಹಂಗಾರೆ ನನ್ ಮಗ ಎಂತಕೆ ಹೋದ?” ಅಂದರು ಆಯಿ.

ತಗಡು ಮುಟ್ಟುತ್ತಿದ್ದವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಕಡಲು ತಣ್ಣಗಿತ್ತು ಅಂತ್ರು. ಎಂಜಿನ್ನು ಹೊಸ್ತು. ನಂಬರು ಇಷ್ಟು ಒಳ್ಳೇದು ಅಂತ ನೀನೇ ಹೇಳ್ತೆ. ಮತ್ತೆಂತಕೆ?”

ಅವನು ನನ್ನ ಕಡೆ ನೋಡಿದ. ಇದಕ್ಕೆ ನಾನು ಅವನಿಗೆ ಏನೂ ಕಲಿಸಿರಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟುಹೋದ. ಜನವೂ ಒಬ್ಬೊಬ್ಬರೇ ಎದ್ದರು.

ದೀಪ ಹಚ್ಚುವ ಹೊತ್ತಾದರೂ ಆಯಿ ಕಂಬ ಬಿಟ್ಟು ಏಳಲಿಲ್ಲ. ನಾನು ಚಾ ಲೋಟ ತೊಳೆದು ಬಂದೆ.

“ಅವ ಹೇಳಿದ್ದು ಸುಳ್ಳೋ ಖರೆಯೋ, ನಂಗೊಂದು ಕಾರಣ ಇತ್ತು,” ಅಂದರು, ನನ್ನನ್ನು ನೋಡದೆ. “ಅದ್ನೂ ತಕ್ಕಂಡೆ ನೀನು.”

ಮರುದಿನದಿಂದ ಅವರು ಮತ್ತೆ ಕೇಳತೊಡಗಿದರು, ಎಂತಕೆ, ಎಂತಕೆ ಎಂದು.

ಅವನಿಗೆ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಮತ್ತೆ ಮಾಡಬೇಕಾದರೆ ಮತ್ತೆ ಮಾಡುತ್ತೇನೆ, ಇನ್ನೂ ನಿಧಾನವಾಗಿ ಮಾಡುತ್ತೇನೆ. ಒಪ್ಪಿದಂತೆ ಕಾರಿನ ಬಗ್ಗೆ ಕೇಳಿದವರಿಗೆಲ್ಲ ಏನೂ ಆಗುವುದಿಲ್ಲ ಎಂದೆ, ಯಾರೂ ನಂಬಲಿಲ್ಲ. ಅವನು ಅದನ್ನು ಹುಬ್ಬಳ್ಳಿ ಕಡೆಯವರಿಗೆ ಮಾರಿದ. ಈಗ ಪ್ಲೇಟು ಬರೆಯುತ್ತಾನೆ, ನಂಬರು ಓದುವುದಿಲ್ಲ. ನಮ್ಮ ದೋಣಿಯ ಮೇಲೆ ಈಗ ಜನ ಬರುತ್ತಾರೆ. ಎಂಜಿನ್ನು ಓಡುತ್ತದೆ. ನನ್ನ ಗಂಡನ ಬಗ್ಗೆ ಜಂಬದ ಮಾತನ್ನು ಯಾರೂ ಆಡುವುದಿಲ್ಲ.

ಆ ದಿನ ಜೊತೆಗಿದ್ದ ಇಬ್ಬರನ್ನೂ ನಾನು ಬೇರೆ ಬೇರೆಯಾಗಿ ಕೂರಿಸಿ ಕೇಳಿದ್ದೇನೆ. ಎಂಜಿನ್ನು ನಿಂತಿತು, ದೋಣಿ ಅಡ್ಡ ತಿರುಗಿತು ಎನ್ನುತ್ತಾನೆ ಒಬ್ಬ. ಎಂಜಿನ್ನು ನಿಲ್ಲಲೇ ಇಲ್ಲ, ಬಲೆ ಯಾವುದಕ್ಕೋ ಸಿಕ್ಕಿ ಎಳೆಯಿತು ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಸುಳ್ಳು ಹೇಳುವವರಲ್ಲ. ಅವರ ಮಾತುಗಳನ್ನು ನಾನು ಪಕ್ಕಪಕ್ಕದಲ್ಲಿಟ್ಟು ಎಷ್ಟೋ ಸಲ ನೋಡಿದ್ದೇನೆ, ಒಂದಕ್ಕೊಂದು ಕೂಡುವುದಿಲ್ಲ.

ದೋಣಿ ಯಾಕೆ ಮಗುಚಿತು ಎಂಬುದು ನಮಗೆ ಇನ್ನೂ ಗೊತ್ತಿಲ್ಲ.